ಒಂದು ಕಣ್ಣಿಗೆ ಬೆಣ್ಣೆ, ನಮ್ಮ ಕಣ್ಣಿಗೆ ಸುಣ್ಣ



ಹಳೇ ಕಟ್ಟಡಗಳನ್ನು ಉಳಿಸಬೇಕು ಅಂತ ದೊಡ್ಡವರು ಭಾಷಣ ಮಾಡ್ತಾರೆ. ಉಳಿಸಲಿ, ನಮ್ಮ ತಕರಾರಿಲ್ಲ. ಅವು ನಮ್ಮ ಬೆವರಿನ ಕಟ್ಟಡಗಳು. ಕಲ್ಲು ಹೊರುವುದು, ಸುಣ್ಣ ಸುಡುವುದು, ಗಾರೆ ಅರೆಯುವುದು ಶೂದ್ರರ, ದಲಿತರ ಪಾಲಿಗೇ ಬಂದ ದುಡಿಮೆ. ವಿಜಾಪುರದ ಗೋಲಗುಮ್ಮಟದ ಒಳ ಅಗಲ 124 ಅಡಿ. ಅದನ್ನು ಹಿಡಿದು ನಿಲ್ಲಿಸಿರೋದು ಸಿಮೆಂಟಲ್ಲ, ಸುಣ್ಣದ ಗಾರೆ. ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ; ಗುಮ್ಮಟ ಎದ್ದಿದ್ದು 1656ರ ಹೊತ್ತಿಗೆ. ಚರಿತ್ರೆಯಲ್ಲಿ ಸುಲ್ತಾನನ ಹೆಸರಿದೆ. ಸುಣ್ಣ ಸುಟ್ಟವರ ಹೆಸರೆಲ್ಲಿ?

ಗಾರೆ ಅಂದರೆ ಮಣ್ಣು ಕಲಸಿದ ಹಾಗಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಡಬೇಕು. ನೀರು ಹೊಯ್ದರೆ ಕುದಿಯುತ್ತೆ. ಸಿಡಿದರೆ ಕಣ್ಣೇ ಹೋಗುತ್ತೆ. ಗುಂಡಿಯಲ್ಲಿ ವಾರಗಟ್ಟಲೆ ನೆನೆಯಬೇಕು. ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೀರು ಎಷ್ಟು ಅನ್ನೋದು ಕೈಗೇ ಗೊತ್ತು. ಗೋಡೆಗೆ ಮೆತ್ತಿದ ಮೇಲೆ ಗಾಳಿ ಕುಡಿದು ನಿಧಾನವಾಗಿ ಮತ್ತೆ ಕಲ್ಲಾಗುತ್ತೆ. ಗೋಡೆಯ ತೇವ ಅದರೊಳಗಿಂದ ಹೊರಗೆ ಹೋಗುತ್ತೆ. ಅದೇ ಹಳೇ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತೆ, ಉಪ್ಪು ಏಳುತ್ತೆ, ಇಟ್ಟಿಗೆ ಪುಡಿಯಾಗುತ್ತೆ. ಈಗ ಓದಿದ ಎಂಜಿನಿಯರುಗಳೂ ಇದನ್ನೇ ಹೇಳ್ತಾರೆ.

ಹಾಗಾದರೆ ಇದು ವಿದ್ಯೆ ತಾನೆ? ವಿದ್ಯಾವಂತರು ಯಾರು? ನಕ್ಷೆ ಹಿಡಿದು ನೆರಳಲ್ಲಿ ನಿಂತವನು ತಜ್ಞ. ಬುಟ್ಟಿ ಹೊತ್ತು ಗಾರೆ ಹದ ಮಾಡುವ ನಮ್ಮ ಹೆಣ್ಣುಮಕ್ಕಳು ಕೂಲಿಪಟ್ಟಿಯಲ್ಲಿ ‘ಅಕುಶಲ’ರು! ಹೆಣ್ಣಾಳಿಗೂ ಗಂಡಾಳಿಗೂ ಸಮಾನ ಕೂಲಿ ಅಂತ 1976ರಲ್ಲೇ ಕಾಯ್ದೆ ಆಯಿತು. ಅದು ಕೈಗೆ ಬಂತೇ?

ಗುಡಿಗಳಿಗೂ ಇದೇ ಗಾರೆ. ಹಂಪಿಯ ವಿರೂಪಾಕ್ಷ ಗೋಪುರದ ಮೇಲಿನ ಅಂತಸ್ತುಗಳು ಇಟ್ಟಿಗೆ ಗಾರೆಯವೇ. ನಾವು ಅರೆದ ಗಾರೆಗೆ ಮೈಲಿಗೆ ಇಲ್ಲ, ಅರೆದವರಿಗೆ ಮೈಲಿಗೆ! ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ರದ್ದು ಮಾಡಿತು. ಆದರೂ ಹಳ್ಳಿಗಳಲ್ಲಿ ಗುಡಿ ಬಾಗಿಲಲ್ಲಿ ನಮ್ಮನ್ನು ತಡೆಯುವವರು ಇವತ್ತಿಗೂ ಇದ್ದಾರೆ.

ನಾವು ಭಿಕ್ಷೆ ಬೇಡ್ತಿಲ್ಲ, ಲೆಕ್ಕ ಕೇಳ್ತಿದ್ದೀವಿ. ಗಾರೆ ಕೆಲಸದವರನ್ನು, ಹೆಣ್ಣಾಳುಗಳನ್ನೂ ಸೇರಿಸಿ, ಕುಶಲಿಗಳೆಂದು ಬರೆಯಿರಿ, ಕುಶಲಿಗಳ ಕೂಲಿ ಕೊಡಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಕೊಡಿ. ದುರಸ್ತಿ ಕೆಲಸವನ್ನು ಗುತ್ತಿಗೆದಾರನ ಬದಲು ಕೆಲಸಗಾರರ ಸಹಕಾರ ಸಂಘಕ್ಕೇ ಕೊಡಿ. ಉದ್ಘಾಟನೆಯ ಕಲ್ಲಿನಲ್ಲಿ ಮಂತ್ರಿಯ ಹೆಸರಿನ ಜೊತೆಗೆ ಗಾರೆ ಮೆತ್ತಿದವರ ಹೆಸರನ್ನೂ ಕೆತ್ತಿಸಿ.

ಗೋಡೆ ಉಳಿಸಬೇಕೆಂದರೆ ಮೊದಲು ಗಾರೆ ಬಲ್ಲ ಕೈ ಉಳಿಯಬೇಕು.

ಜೈ ಭೀಮ್!