ದೋಣಿಯಾತ್ರೆಗೆ ಎಷ್ಟು ವಿದ್ಯುತ್ತು ಬೇಕು?

ಘಟಪ್ರಭೆ ಶಕ್ತಿಯಲ್ಲಿ ಬಡವಿಯಲ್ಲ. ಗೋಕಾಕದ ಬಳಿ ಅವಳು ಸುಮಾರು 52 ಮೀಟರ್ ಎತ್ತರದ ಬಂಡೆಯಿಂದ ಧುಮುಕುತ್ತಾಳೆ. ಆ ನೀರಿನ ಬಲದಿಂದ ಅಲ್ಲಿಯ ಹತ್ತಿಯ ಗಿರಣಿಯ ಯಂತ್ರಗಳು 1887ರಲ್ಲಿಯೇ ತಿರುಗತೊಡಗಿದುವು. ಶಿವನಸಮುದ್ರದ ವಿದ್ಯುದಾಗಾರವು ಕೆಲಸಕ್ಕೆ ಮೊದಲಿಟ್ಟದ್ದು ಅದಾದ ಹದಿನೈದು ವರ್ಷಗಳ ಮೇಲೆ, 1902ರಲ್ಲಿ. ಇಂದು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನ ಬಳಿಯಲ್ಲಿಯೂ ವಿದ್ಯುತ್ತು ಉತ್ಪನ್ನವಾಗುತ್ತಿದೆ. ಇಂತಹ ನದಿಯ ಮೇಲೆ ನಾಲ್ಕು ದಿನ ದೋಣಿಯಲ್ಲಿ ಕಳೆಯಬೇಕೆಂದು ಹೊರಡುವ ತರುಣರಿಗೆ ಮಾತ್ರ ಅಂಗೈಯಗಲದ ಒಂದು ಯಂತ್ರವನ್ನು ನಡೆಯಿಸಲು ವಿದ್ಯುತ್ತನ್ನು ಎಲ್ಲಿಂದ ತರಬೇಕೆಂಬುದೇ ದೊಡ್ಡ ಚಿಂತೆಯಾಗಿದೆ.

ಆ ಯಂತ್ರವೇ ಪೇಟೆಯಲ್ಲಿ ‘ಫಿಶ್ ಫೈಂಡರ್’ ಎಂಬ ಹೆಸರಿನಿಂದ ಮಾರಾಟವಾಗುವ ಮತ್ಸ್ಯಶೋಧಕ. ದೋಣಿಯ ಕೆಳಗಿನ ನೀರಿನ ಆಳವೆಷ್ಟು, ತಳವು ಬಂಡೆಯೋ ಹೂಳೋ, ನಡುವೆ ಮೀನುಗಳುಂಟೋ ಎಂಬುದನ್ನು ಅದು ಪರದೆಯ ಮೇಲೆ ತೋರಿಸುತ್ತದೆ. ಇದಕ್ಕೆ ಯಾವ ಬ್ಯಾಟರಿಯನ್ನು ಒಯ್ಯಬೇಕೆಂದು ಕೇಳಿದವರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ‘ದೊಡ್ಡದನ್ನೇ ಒಯ್ಯಿರಿ, ನೀರಿನ ನಡುವೆ ತೀರಿಹೋದರೆ ಏನು ಮಾಡುವಿರಿ?’ ಈ ಉತ್ತರವು ವಿವೇಕದಂತೆ ಕಾಣುತ್ತದೆ. ಆದರೆ ಲೆಕ್ಕ ಮಾಡಲು ಬೇಸರಪಟ್ಟವರು ಹೆದರಿಕೆಯನ್ನೇ ತೂಕವನ್ನಾಗಿ ಮಾಡಿ ದೋಣಿಯಲ್ಲಿ ಹೇರುವ ಪದ್ಧತಿಯಿದು ಎಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಯಂತ್ರದ ಕೆಲಸವನ್ನು ಮೊದಲು ತಿಳಿಯೋಣ. 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸೋದರರು ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದರು. ಇದರ ವಿಲೋಮವೂ ನಿಜ: ಹರಳಿಗೆ ವಿದ್ಯುತ್ತನ್ನು ಹಚ್ಚಿದರೆ ಅದು ಕಂಪಿಸುತ್ತದೆ. ಪಿಯರ್ ಕ್ಯೂರಿಯ ಶಿಷ್ಯನಾದ ಪಾಲ್ ಲಾಂಜೆವಿನ್ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಣಚು ಹರಳಿನಿಂದ ನೀರಿನೊಳಕ್ಕೆ ಶ್ರವಣಾತೀತ ಧ್ವನಿಯನ್ನು ಕಳುಹಿಸಿ, ಅದರ ಪ್ರತಿಧ್ವನಿಯಿಂದ ಜಲಾಂತರ್ಗಾಮಿಗಳನ್ನು ಪತ್ತೆ ಮಾಡುವ ವಿಧಾನವನ್ನು ರೂಪಿಸಿದನು. ಶತ್ರುವಿಗಾಗಿ ಹುಟ್ಟಿದ ವಿದ್ಯೆಯು ಕ್ರಮೇಣ ಮೀನಿಗೆ ತಿರುಗಿತು. ಜಪಾನಿನ ಫುರುನೊ ಸೋದರರು 1948ರಲ್ಲಿ ಮೀನುಗಾರರಿಗಾಗಿ ಇಂತಹ ಯಂತ್ರವನ್ನು ಮಾರುಕಟ್ಟೆಗೆ ತಂದರು. ಆಗಿನ ಯಂತ್ರಗಳಲ್ಲಿ ಕಾದ ತಂತುವಿನ ನಿರ್ವಾತ ನಳಿಗೆಗಳಿದ್ದುವು. ಅವುಗಳ ಹಸಿವು ದೊಡ್ಡದು. ಟ್ರಾನ್ಸಿಸ್ಟರು ಬಂದ ಮೇಲೆಯೇ ಮತ್ಸ್ಯಶೋಧಕವು ಹಡಗಿನಿಂದಿಳಿದು ಸಣ್ಣ ದೋಣಿಯನ್ನು ಸೇರಲು ಸಾಧ್ಯವಾಯಿತು.

ಧ್ವನಿಯು ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಿಂದ ಸಾಗುತ್ತದೆ. 20 ಮೀಟರ್ ಆಳದ ತಳಕ್ಕೆ ಹೋಗಿ ಬರಲು ಅದಕ್ಕೆ ಒಂದು ಸೆಕೆಂಡಿನ ನಲವತ್ತನೆಯ ಒಂದು ಪಾಲಿಗಿಂತ ತುಸುವೇ ಹೆಚ್ಚು ಕಾಲ ಸಾಕು. ನಡುವೆ ಮೀನು ಸಿಕ್ಕಿದರೆ ಅದರಿಂದಲೂ ಪ್ರತಿಧ್ವನಿ ಹೊರಡುತ್ತದೆ. ಇಲ್ಲಿ ಒಂದು ಸ್ವಾರಸ್ಯವುಂಟು: ಧ್ವನಿಯನ್ನು ಬಲವಾಗಿ ಹಿಂದಿರುಗಿಸುವುದು ಮೀನಿನ ಮಾಂಸವಲ್ಲ, ಅದರ ಒಡಲೊಳಗಿನ ಗಾಳಿಚೀಲ. ಮೀನಿನ ಮಾಂಸವು ಧ್ವನಿಯ ಪಾಲಿಗೆ ಹೆಚ್ಚುಕಡಮೆ ನೀರೇ. ಕಟ್ಲಾ, ರೋಹು ಮುಂತಾದ ಮೀನುಗಳನ್ನು ಪರದೆಯ ಮೇಲೆ ನೋಡಿದೆವೆಂದು ನಾವು ಹಿಗ್ಗುವಾಗ ನಿಜವಾಗಿ ನೋಡಿದ್ದು ಒಂದು ಗಾಳಿಯ ಗುಳ್ಳೆಯನ್ನು!

ಈಗ ವಿದ್ಯುತ್ತಿನ ಮಾತು. ಯಂತ್ರದ ಪೆಟ್ಟಿಗೆಯ ಮೇಲೆ ‘300 ವಾಟ್’ ಎಂದು ಅಚ್ಚಾಗಿರುತ್ತದೆ. ಗೊಂದಲದ ಬೇರು ಇದೇ. ದಿನಕ್ಕೆ ಮೂರು ಗಂಟೆಯಂತೆ ನಾಲ್ಕು ದಿನ ನಡೆಯಿಸಿದರೆ 300ನ್ನು 12ರಿಂದ ಗುಣಿಸಿ 3600 ವಾಟ್-ಗಂಟೆ ಬೇಕೆಂದು ವಿದ್ಯಾರ್ಥಿಯು ಲೆಕ್ಕ ಹಾಕುತ್ತಾನೆ. ಲಾರಿಯ ಬ್ಯಾಟರಿಯೂ ಸಾಲದೆಂದು ಕೈಚೆಲ್ಲುತ್ತಾನೆ. ಗುಣಾಕಾರ ಸರಿಯೇ, ಗುಣಿಸಿದ ಅಂಕಿ ಮಾತ್ರ ತಪ್ಪು. ಆ 300 ವಾಟ್ ಶಕ್ತಿಯು ಹರಳು ಕಂಪಿಸುವ ಕ್ಷಣಕ್ಕೆ ಮಾತ್ರ ಸಲ್ಲತಕ್ಕದ್ದು. ಒಂದು ಕಂಪನದ ಮಿಡಿತವು ಸೆಕೆಂಡಿನ ಹತ್ತುಸಾವಿರದ ಒಂದು ಪಾಲಿನಷ್ಟು ಕಾಲವಿದ್ದು, ಸೆಕೆಂಡಿಗೆ ಹತ್ತು ಮಿಡಿತಗಳು ಹೊರಟರೆ, ಸರಾಸರಿ ವೆಚ್ಚವು 0.3 ವಾಟ್ ಮಾತ್ರ. ಗುಡಿಯ ಗಂಟೆಯನ್ನು ಬಾರಿಸುವವನು ಬಲವಾಗಿಯೇ ಹೊಡೆಯುತ್ತಾನೆ, ಆದರೆ ದಿನವೆಲ್ಲ ಹೊಡೆಯುವುದಿಲ್ಲ.

ಹಾಗಾದರೆ ಉಳಿದ ವಿದ್ಯುತ್ತು ಎಲ್ಲಿ ಹೋಗುತ್ತದೆ? ನಮ್ಮ ಕಣ್ಣಿಗೆ. ಬಿಸಿಲಿನಲ್ಲಿ ಪರದೆಯು ಕಾಣಬೇಕೆಂದು ಅದರ ಹಿಂದೆ ಉರಿಯುವ ಬೆಳಕೇ ಅದರ ದೊಡ್ಡ ಪಾಲನ್ನು ನುಂಗುತ್ತದೆ. ಲೆಕ್ಕ ಮಾಡುವ ವಿದ್ಯುನ್ಮಂಡಲವು ಉಳಿದುದನ್ನು ತೆಗೆದುಕೊಳ್ಳುತ್ತದೆ. ಸಣ್ಣ ಯಂತ್ರಗಳು 12 ವೋಲ್ಟಿನಲ್ಲಿ ಸಾಮಾನ್ಯವಾಗಿ 0.3ರಿಂದ 0.6 ಆಂಪಿಯರ್ ಪ್ರವಾಹವನ್ನು ಎಳೆಯುತ್ತವೆ. ಬೆಳಕನ್ನು ತಗ್ಗಿಸಿ ಪರದೆಯ ಮೇಲೆ ಒಂದು ಕೊಡೆಯ ನೆರಳು ಹಿಡಿದರೆ 0.3 ಆಂಪಿಯರಿನಲ್ಲಿ, ಎಂದರೆ 3.6 ವಾಟಿನಲ್ಲಿ, ಕೆಲಸ ಸಾಗುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಮೂರು ಗಂಟೆ, ನಾಲ್ಕು ದಿನ: ಒಟ್ಟು ಸುಮಾರು 43 ವಾಟ್-ಗಂಟೆ. 3600 ಎಲ್ಲಿ, 43 ಎಲ್ಲಿ!

ಈ 43 ವಾಟ್-ಗಂಟೆಯನ್ನು ಗೋಕಾಕದ ಅಳತೆಯಲ್ಲಿ ಹೇಳುವುದಾದರೆ, ಅದು ಜಲಪಾತದ ನೆತ್ತಿಯಿಂದ ಬುಡಕ್ಕೆ ಬೀಳುವ ಸುಮಾರು 300 ಲೀಟರ್ ನೀರು ಕಳೆದುಕೊಳ್ಳುವ ಶಕ್ತಿಗೆ ಸಮ. ಒಂದೂವರೆ ಪೀಪಾಯಿ ನೀರು! ವಾಚಕರು ದ್ರವ್ಯರಾಶಿ, ಗುರುತ್ವ, ಎತ್ತರ ಇವನ್ನು ಗುಣಿಸಿ ತಾವೇ ಪರೀಕ್ಷಿಸಬಹುದು. ನಮ್ಮ ಕಾಲೇಜುಗಳಲ್ಲಿ ಸ್ಥಿತಿಶಕ್ತಿಯ ಲೆಕ್ಕವು ಒಂದು ಅಧ್ಯಾಯದಲ್ಲಿಯೂ ವಿದ್ಯುಚ್ಛಕ್ತಿಯ ಲೆಕ್ಕವು ಇನ್ನೊಂದರಲ್ಲಿಯೂ ಬರುತ್ತವೆ. ಎರಡನ್ನೂ ಒಂದೇ ಕಾಗದದ ಮೇಲೆ ಇಟ್ಟು ‘ಇದು ಎಷ್ಟು ದಿನಕ್ಕೆ ಸಾಕು?’ ಎಂದು ಕೇಳುವ ಪ್ರಶ್ನೆಪತ್ರಿಕೆ ಅಪರೂಪ. ಪರೀಕ್ಷೆಯಲ್ಲಿ ಪೂರ್ಣ ಅಂಕ ಗಳಿಸಿದವನು ಅಂಗಡಿಯಲ್ಲಿ ಮೋಸಹೋಗುವುದಕ್ಕೆ ಇದೇ ಕಾರಣವೆಂದು ನಾವು ತಿಳಿಯುತ್ತೇವೆ. ದೋಷವು ವಿದ್ಯಾರ್ಥಿಯದಲ್ಲ, ಪಾಠ ಹೇಳುವ ನಮ್ಮಂಥವರದು.

ಅಂಗಡಿಯಲ್ಲಿಯೂ ಒಂದು ಬಲೆಯಿದೆ. ಮೊಬೈಲಿಗಾಗಿ ಮಾರುವ ಪವರ್ ಬ್ಯಾಂಕಿನ ಮೇಲೆ ‘10,000 ಮಿಲಿಆಂಪಿಯರ್-ಗಂಟೆ’ ಎಂದಿರುತ್ತದೆ. ಎಂದರೆ 10 ಆಂಪಿಯರ್-ಗಂಟೆ. 12 ವೋಲ್ಟಿನ ಸಣ್ಣ ಸೀಸದ ಬ್ಯಾಟರಿಯ ಮೇಲೆ ‘7 ಆಂಪಿಯರ್-ಗಂಟೆ’ ಎಂದಿರುತ್ತದೆ. ಹತ್ತು ಏಳಕ್ಕಿಂತ ದೊಡ್ಡದೆಂದು ಪವರ್ ಬ್ಯಾಂಕನ್ನು ಕೊಂಡವನು ನಿರಾಶನಾಗುತ್ತಾನೆ. ಏಕೆಂದರೆ ಪವರ್ ಬ್ಯಾಂಕಿನೊಳಗಿನ ಕೋಶದ ಒತ್ತಡ 3.7 ವೋಲ್ಟ್ ಮಾತ್ರ. ಅದರ ಶಕ್ತಿ 37 ವಾಟ್-ಗಂಟೆ, 12 ವೋಲ್ಟಿಗೆ ಏರಿಸುವಾಗ ಅದರಲ್ಲಿಯೂ ಒಂದಂಶ ಶಾಖವಾಗಿ ಹೋಗುತ್ತದೆ. ಸೀಸದ್ದು 84 ವಾಟ್-ಗಂಟೆ. ಆಂಪಿಯರ್-ಗಂಟೆಯನ್ನು ಮಾತ್ರ ನೋಡಿ ಕೊಳ್ಳುವುದು, ಪಾತ್ರೆಯ ಬಾಯಿಯನ್ನು ಅಳೆದು ಆಳವನ್ನು ಬಿಟ್ಟಂತೆ. ಬ್ಯಾಟರಿ ಮಾರುವವರೆಲ್ಲರೂ ವಾಟ್-ಗಂಟೆಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂಬ ನಿಯಮವಿದ್ದರೆ ಎಷ್ಟೋ ಹಣ ಉಳಿದೀತು.

ಆದರೆ ಸೀಸದ ಬ್ಯಾಟರಿಗೂ ಒಂದು ಕುಂದುಂಟು. ಅದನ್ನು ಪೂರ್ತಿ ಬರಿದು ಮಾಡಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು ಅದರ ಆಯುಷ್ಯ ಕುಗ್ಗುತ್ತದೆ. ಅರ್ಧಕ್ಕೆ ನಿಲ್ಲಿಸುವುದು ಲೇಸು. ಆಗ 84ರಲ್ಲಿ 42 ಮಾತ್ರ ನಮ್ಮದು. ನಮ್ಮ ಅಗತ್ಯಕ್ಕೆ ಒಂದು ಕಡಮೆ! ತೂಕವೋ ಎರಡು ಕಿಲೋಗ್ರಾಮಿಗೆ ಮೇಲೆ. ಲಿಥಿಯಂ ಕಬ್ಬಿಣ ಫಾಸ್ಫೇಟಿನ ಅದೇ ಅಳತೆಯ ಬ್ಯಾಟರಿಯು ಒಂದು ಕಿಲೋಗ್ರಾಮಿನ ಆಸುಪಾಸಿನಲ್ಲಿದ್ದು ತನ್ನ ಶಕ್ತಿಯ ಬಹುಪಾಲನ್ನು ಹಾನಿಯಿಲ್ಲದೆ ಕೊಡುತ್ತದೆ. ಬೆಲೆ ಹೆಚ್ಚು, ಆದರೆ ಹಲವರು ಕೂಡಿ ಕೊಂಡು ಹಲವು ವರ್ಷ ಬಳಸಬಹುದು. ಯಾವುದನ್ನೇ ಒಯ್ಯಲಿ, ಧನಾಗ್ರದ ಹತ್ತಿರ ಒಂದೆರಡು ಆಂಪಿಯರಿನ ಫ್ಯೂಸನ್ನು ಹಾಕಲೇಬೇಕು. ಒದ್ದೆಯಾದ ದೋಣಿಯಲ್ಲಿ ತಂತಿಗಳು ಕೂಡಿಕೊಂಡರೆ ಸಣ್ಣ ಬ್ಯಾಟರಿಯೂ ಬೆಂಕಿ ಹೊತ್ತಿಸಬಲ್ಲದು.

ಇನ್ನು ಕಾರಿನ ಬ್ಯಾಟರಿಯನ್ನೇ ದೋಣಿಯಲ್ಲಿಡುವವರ ವಿಚಾರ. ಅದು ಹತ್ತು ಕಿಲೋಗ್ರಾಮಿನಷ್ಟು ಭಾರ. ಅಗತ್ಯಕ್ಕಿಂತ ಹತ್ತುಪಟ್ಟು ಶಕ್ತಿ. ದುಂಡನೆಯ ಹರಿಗೋಲಿನಲ್ಲಾಗಲಿ ಕಿರಿದಾದ ದೋಣಿಯಲ್ಲಾಗಲಿ ಸಡಿಲವಾಗಿಟ್ಟ ಭಾರವು ಒಂದು ಮಗ್ಗುಲಿಗೆ ಜಾರಿದರೆ ಏನಾಗುವುದೆಂದು ಹುಟ್ಟು ಹಾಕಿದವರು ಬಲ್ಲರು. ಅದಕ್ಕಿಂತಲೂ ಕೆಟ್ಟದ್ದು ಅದರೊಳಗಿನ ಗಂಧಕಾಮ್ಲ ಮತ್ತು ಸೀಸ. ಹಿಡಕಲ್ಲಿನ ನೀರು ಹೊಲಗಳಿಗೆ ಮಾತ್ರವಲ್ಲ, ಬೆಳಗಾವಿ ನಗರದ ನಲ್ಲಿಗಳಿಗೂ ಹೋಗುತ್ತದೆ. ಮೀನಿನ ಗುಳ್ಳೆಯನ್ನು ನೋಡುವ ಆಸೆಗೆ ಕುಡಿಯುವ ನೀರಿನ ಮೇಲೆ ಆಮ್ಲದ ಡಬ್ಬಿಯನ್ನು ತೇಲಿಸುವುದು ನಮಗೆ ಸರ್ವಥಾ ಒಪ್ಪಿಗೆಯಿಲ್ಲ. ಹಳೆಯ ಬ್ಯಾಟರಿಯನ್ನು ದಂಡೆಯ ಮೇಲೆ ಎಸೆದು ಬರುವವರಂತೂ ಅಕ್ಷಮ್ಯರು. 2022ರ ನಿಯಮಗಳ ಪ್ರಕಾರ ತೀರಿದ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆಯು ತಯಾರಕರ ಮೇಲೆಯೇ ಇದೆ.

ಸೌರಫಲಕದಿಂದ ಕೆಲಸವಾಗದೆ? ಆಗುತ್ತದೆ, ಕೆಲವು ನಿರ್ಬಂಧಗಳೊಡನೆ. 20 ವಾಟಿನ ಫಲಕವು ಚಳಿಗಾಲದ ತಿಳಿಯಾದ ಆಕಾಶದಲ್ಲಿ, ದೋಣಿಯ ಮೇಲೆ ಅಡ್ಡಡ್ಡ ಮಲಗಿಸಿಟ್ಟಾಗಲೂ, ದಿನಕ್ಕೆ ಶೋಧಕದ ಅಗತ್ಯದ ಹಲವು ಪಟ್ಟು ಕೊಡಬಲ್ಲದು. ಆದರೆ ಫಲಕದ ಕೋಶಗಳು ಸರಪಣಿಯಂತೆ ಒಂದರ ಹಿಂದೊಂದು ಜೋಡಣೆಗೊಂಡಿರುವುದರಿಂದ, ಹುಟ್ಟು ಹಾಕುವವನ ತೋಳಿನ ನೆರಳು ಒಂದೆರಡು ಕೋಶಗಳ ಮೇಲೆ ಬಿದ್ದರೂ ಇಡೀ ಫಲಕದ ಪ್ರವಾಹ ಕುಸಿಯುತ್ತದೆ. ‘12 ವೋಲ್ಟ್’ ಎಂದು ಹೆಸರಿದ್ದರೂ ಹೊರೆಯಿಲ್ಲದಾಗ ಅದರ ಒತ್ತಡ 20 ವೋಲ್ಟನ್ನು ಮೀರುವುದರಿಂದ ಅದನ್ನು ನೇರವಾಗಿ ಯಂತ್ರಕ್ಕೆ ಜೋಡಿಸದೆ, ನಿಯಂತ್ರಕದ ಮೂಲಕ ಬ್ಯಾಟರಿಗೆ ಜೋಡಿಸತಕ್ಕದ್ದು. ನಾಲ್ಕು ದಿನಗಳಿಗೆ ನಮ್ಮ ಮಟ್ಟಿಗೆ ಫಲಕ ಬೇಕಿಲ್ಲ. ಆದರೆ ಮೊಬೈಲನ್ನು ಬಿಟ್ಟಿರಲಾರದವರಿಗೆ ಬೇಕು: ದಿನಕ್ಕೊಮ್ಮೆ ಅದನ್ನು ತುಂಬಿಸಿದರೆ ನಾಲ್ಕು ದಿನಗಳಲ್ಲಿ ಸುಮಾರು 75 ವಾಟ್-ಗಂಟೆ ವೆಚ್ಚವಾಗುತ್ತದೆ. ಮೀನನ್ನು ಹುಡುಕುವುದಕ್ಕಿಂತ ಮಾತನಾಡುವುದಕ್ಕೇ ಹೆಚ್ಚು ಖರ್ಚು!

ಮಳೆಗಾಲದಲ್ಲಿ ಮಾತ್ರ ಈ ಯಾತ್ರೆಯ ಮಾತನ್ನೇ ಎತ್ತಕೂಡದು. 2019ರ ಆಗಸ್ಟಿನಲ್ಲಿ ಇದೇ ಹೊಳೆ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿತ್ತು. ಉಳಿದ ಕಾಲದಲ್ಲಿಯೂ ಅಧಿಕಾರಿಗಳ ಅಪ್ಪಣೆ ಪಡೆದು, ಹಿಡಕಲ್ಲಿನ ಹಿನ್ನೀರಿನಲ್ಲಿ ಎರಡು ದಿನ ಕಳೆದು, ಧೂಪದಾಳದ ಒಡ್ಡನ್ನೂ ಜಲಪಾತವನ್ನೂ ರಸ್ತೆಯ ಮೇಲಿಂದಲೇ ದಾಟಿ, ಕೆಳಗೆ ಮೂಡಲಗಿ ತಾಲ್ಲೂಕಿನ ಹಳ್ಳಿಗಳ ಮಗ್ಗುಲಲ್ಲಿ ಮತ್ತೆರಡು ದಿನ ಸಾಗುವುದು ಉಚಿತ. ಜಲಪಾತವಿರುವುದನ್ನು ತಿಳಿಸುವ ಯಂತ್ರ ಇದಲ್ಲ. ಇದು ಕೆಳಗೆ ನೋಡುತ್ತದೆ, ಮುಂದೆ ನೋಡುವುದಿಲ್ಲ.

‘ತಲೆಮಾರುಗಳಿಂದ ಅಂಬಿಗರು ಯಂತ್ರವಿಲ್ಲದೆಯೇ ಮೀನು ಹಿಡಿದಿಲ್ಲವೆ?’ ಎಂದು ಕೇಳುವವರುಂಟು. ಮಾತು ನ್ಯಾಯವಾದುದೇ. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಪರವಾನಗಿ ಪಡೆದವರದು. ಅವರ ಅನ್ನಕ್ಕೆ ವಿದ್ಯಾರ್ಥಿಗಳು ಯಂತ್ರ ಹಿಡಿದು ಪೈಪೋಟಿಗೆ ಇಳಿಯಬೇಕೆಂದು ನಾವು ಹೇಳುತ್ತಿಲ್ಲ. ಮೀನನ್ನು ಅದರ ಪಾಡಿಗೆ ಬಿಟ್ಟು ತಳವನ್ನು ನೋಡಿರಿ. ಹಿಡಕಲ್ ಜಲಾಶಯವನ್ನು ಸುಮಾರು 51 ಟಿಎಂಸಿ ನೀರಿಗಾಗಿ ಕಟ್ಟಿದರು. ಆದರೆ ಪ್ರತಿಯೊಂದು ಮಳೆಗಾಲವೂ ನೀರಿನೊಡನೆ ಮಣ್ಣನ್ನೂ ತಂದು ಸುರಿಯುತ್ತದೆ. ಒಂದು ಕಾಲೇಜಿನ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಗೊತ್ತಾದ ಕೆಲವು ರೇಖೆಗಳ ಮೇಲೆ ಆಳವನ್ನು ಗುರುತಿಸುತ್ತ ಬಂದರೆ, ಹತ್ತು ವರ್ಷಗಳಲ್ಲಿ ತಳವು ಎಲ್ಲಿ ಏರಿತೆಂಬುದು ಅವರ ಪುಸ್ತಕದಲ್ಲಿಯೇ ಕಾಣುತ್ತದೆ. ಇದಕ್ಕೆ ಬೇಕಾದ ವಿದ್ಯುತ್ತು ಮೇಲೆ ಹೇಳಿದ ಒಂದೂವರೆ ಪೀಪಾಯಿ ನೀರಿನಷ್ಟೇ.

ಯಂತ್ರದ ಜೊತೆಗೆ ಮೀಟರಿಗೊಂದು ಗಂಟು ಹಾಕಿದ ಹಗ್ಗವನ್ನೂ ಅದರ ತುದಿಗೆ ಕಟ್ಟಲು ಒಂದು ಕಲ್ಲನ್ನೂ ಒಯ್ಯಬೇಕು. ಇದಕ್ಕೆ ಬ್ಯಾಟರಿ ಬೇಡ. ಪರದೆಯು 12 ಮೀಟರ್ ಎಂದು ತೋರಿಸಿದಲ್ಲಿ ಹಗ್ಗವನ್ನು ಇಳಿಸಿ ನೋಡಿರಿ. ಗಟ್ಟಿ ತಳವಿದ್ದಲ್ಲಿ ಎರಡೂ ಹೆಚ್ಚುಕಡಮೆ ಒಂದೇ ಅಂಕಿಯನ್ನು ಹೇಳುತ್ತವೆ. ಮೆತ್ತನೆಯ ಹೂಳಿದ್ದಲ್ಲಿ ಧ್ವನಿಯು ಹೂಳಿನ ಮೇಲ್ಮೈಯಿಂದಲೇ ಹಿಂದಿರುಗುತ್ತದೆ, ಕಲ್ಲು ಅದರೊಳಕ್ಕೆ ಇಳಿಯುತ್ತದೆ. ಹಗ್ಗದ ಅಂಕಿಯೇ ಹೆಚ್ಚಾಗುತ್ತದೆ. ಆ ಎರಡು ಅಂಕಿಗಳನ್ನೂ, ಆ ದಿನದ ತಾರೀಖನ್ನೂ, ಜಲಾಶಯದ ಅಂದಿನ ನೀರಿನ ಮಟ್ಟವನ್ನೂ ಒಂದೇ ಸಾಲಿನಲ್ಲಿ ಬರೆದಿಡತಕ್ಕದ್ದು.