ಮಳೆಯ ಎರಡು ಶಿಖರಗಳು



ಕರಾವಳಿಯ ಮಳೆ ಜುಲೈನಲ್ಲಿ ಒಮ್ಮೆ ಶಿಖರ ಮುಟ್ಟುತ್ತದೆ. ಚಾಮರಾಜನಗರದಲ್ಲಾದರೋ ಮೇ ತಿಂಗಳಲ್ಲೊಮ್ಮೆ ಏರಿ, ನಡುವೆ ಇಳಿದು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೆ ಏರುತ್ತದೆ. ಇಡೀ ರಾಜ್ಯದ ಸರಾಸರಿ ತೆಗೆದರೆ ಮೇ ಶಿಖರವೇ ಅಳಿಸಿಹೋಗುತ್ತದೆ. ಆ ಮಳೆಗೆ ಅಲಸಂದೆ, ಎಳ್ಳು ಬಿತ್ತಿ, ಎರಡನೆಯದಕ್ಕೆ ಹುರುಳಿ ಬಿತ್ತುವವರಿಗೆ ಇಂತಹ ಸರಾಸರಿಯಿಂದೇನು ಪ್ರಯೋಜನ?

ಗಣಕಯಂತ್ರದಲ್ಲಿ 'ಆರ್' ಎಂಬ ಸಂಖ್ಯಾಶಾಸ್ತ್ರದ ಭಾಷೆ ಬಳಸಿ, ಹಲವು ವರ್ಷಗಳ ಅಂಕಿಗಳನ್ನು ಮೊದಲು ತಾಲ್ಲೂಕುವಾರು ಗುಂಪು ಮಾಡಬೇಕು. ಹಿಂದಿನ, ಮುಂದಿನ ಎರಡೂ ತಿಂಗಳಿಗಿಂತ ಹೆಚ್ಚು ಮಳೆಯಾದ ತಿಂಗಳೇ ಶಿಖರ. ಗುಂಪು ಮಾಡದಿದ್ದರೆ ಒಂದು ತಾಲ್ಲೂಕಿನ ಡಿಸೆಂಬರನ್ನು ಇನ್ನೊಂದರ ಜನವರಿಯೊಡನೆ ಹೋಲಿಸಿದಂತಾಗಿ ಸುಳ್ಳು ಶಿಖರ ಕಾಣಬಹುದು.

ಬಿತ್ತನೆಯ ಸಲಹೆ ತಾಲ್ಲೂಕಿನ ಶಿಖರಗಳನ್ನು ಆಧರಿಸಿರಬೇಕೆಂಬುದು ನನ್ನ ಅಭಿಪ್ರಾಯ. ಸಲಹೆ ಬಂದಾಗ, "ಇದು ಎಲ್ಲಿಯ ಮಳೆಯ ಲೆಕ್ಕ?" ಎಂದು ನೀವೂ ತಪ್ಪದೆ ಕೇಳಿರಿ.