ತಲೆಬುರುಡೆ ಬರೆದವರು ನಾವೇ



ಡಿಸೆಂಬರ್ 1 ಬಂದರೆ ನಮ್ಮ ಯುವಜನ ಸಂಘದವರು ಕೆಂಪು ರಿಬ್ಬನ್ ಚುಚ್ಚಿಕೊಂಡು ಫೋಟೋಗೆ ನಿಲ್ಲುತ್ತೇವೆ. ಕಳೆದ ಸಲ ಚಾರ್ಟಿನ ಮೇಲೆ ದೊಡ್ಡ ತಲೆಬುರುಡೆ ಬಿಡಿಸಿ, ಕೆಳಗೆ ‘ಏಡ್ಸ್ ಅಂದರೆ ಸಾವು’ ಎಂದು ಬರೆದು ದೇವಾಲಯದ ಬಾಗಿಲಲ್ಲಿ ತೂಗುಹಾಕಿದ್ದೂ ನಾವೇ. ಬಿ.ಎಸ್ಸಿ. ಓದಿದವರು ನಮ್ಮಲ್ಲೇ ಇದ್ದೆವು, ಒಬ್ಬರೂ ತಡೆಯಲಿಲ್ಲ. ಪೂಜೆ ಮುಗಿಸಿ ಹೊರಬಂದವರಲ್ಲಿ ಎಚ್‌ಐವಿ ಜೊತೆ ಬದುಕುವವರು ಒಬ್ಬರಾದರೂ ಇದ್ದು ಅದನ್ನು ಓದಿದ್ದರೆ? ಈ ಯೋಚನೆ ನಮಗೆ ಬಂದದ್ದು ಆಮೇಲೆ.

ಆ ಚಾರ್ಟು ಸುಳ್ಳು ಕೂಡ. ದೇಶದ ಮೊದಲ ಸೋಂಕುಗಳು ಪತ್ತೆಯಾದದ್ದು ನಮ್ಮ ತಮಿಳುನಾಡಿನಲ್ಲೇ, 1986ರಲ್ಲಿ, ಮದ್ರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರಿಂದ. ಆಗ ಸಾವಿನ ಮಾತಿಗೆ ಅರ್ಥವಿತ್ತು. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿದೆ. ದಿನವೂ ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದೇ ಇದ್ದರೆ ಲೈಂಗಿಕ ಸಂಪರ್ಕದಿಂದಲೂ ಹರಡುವುದಿಲ್ಲ. ಆಯಸ್ಸೂ ಹೆಚ್ಚುಕಡಿಮೆ ಎಲ್ಲರಂತೆಯೇ.

ಹಾಗಾದರೆ ಇವರಲ್ಲಿ ಖಿನ್ನತೆ ಉಳಿದವರಿಗಿಂತ ಇಷ್ಟು ಹೆಚ್ಚು ಯಾಕೆ?

ಬಹುಪಾಲು ನಮ್ಮಿಂದ ಎನ್ನುತ್ತೇವೆ ನಾವು. ‘ಧೈರ್ಯವಾಗಿರಿ, ಜಪಸರ ಹೇಳಿ, ಯೋಚನೆ ಬಿಡಿ’ ಎಂದು ಬುದ್ಧಿ ಹೇಳುತ್ತೇವಲ್ಲ, ಅವರು ಬದುಕಲು ಎಷ್ಟು ಉಪಾಯ ಮಾಡುತ್ತಾರೆ ಗೊತ್ತಾ? ಹತ್ತಿರದ ಆಸ್ಪತ್ರೆಯಲ್ಲಿ ಪರಿಚಯದವರು ಸಿಗಬಹುದೆಂದು ದೂರದೂರಿಗೆ ಹೋಗುತ್ತಾರೆ. ಮಾತ್ರೆ ಡಬ್ಬಿಯ ಲೇಬಲ್ ಕಿತ್ತು ಹಾಕುತ್ತಾರೆ. ಮದುವೆ ಮನೆಯಲ್ಲಿ ಬಚ್ಚಲಿಗೆ ಹೋಗಿ ನುಂಗುತ್ತಾರೆ. ಯಾರಾದರೂ ನೋಡಿದರೆ ಸಕ್ಕರೆ ಕಾಯಿಲೆ ಮಾತ್ರೆ ಎನ್ನುತ್ತಾರೆ. ನಮ್ಮ ಮಾರಂಡಹಳ್ಳಿ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತು ನೋಡಿ. ‘ಎಲ್ಲಿಗೆ ಹೊರಟ್ರಿ?’ ಧರ್ಮಪುರಿಗೆ. ‘ಏನು ಕೆಲಸ?’ ಆಸ್ಪತ್ರೆ. ‘ಯಾಕೆ, ಯಾರಿಗೆ, ಏನಾಗಿದೆ?’ ನಮಗೆ ಅದು ಪ್ರೀತಿಯ ಮಾತು. ಅವರಿಗೆ ಅದು ಪ್ರತಿ ಸಲವೂ ಪೊಲೀಸ್ ವಿಚಾರಣೆ.

ಮನಸ್ಸು ಕುಸಿದರೆ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದರೆ ವೈರಸ್ ಮತ್ತೆ ಏರುತ್ತದೆ, ಮದ್ದಿಗೆ ಬಗ್ಗದಂತೆ ಬದಲಾಗಲೂಬಹುದು. ನಮ್ಮ ಪಿಸುಮಾತು ಹೀಗೆ ನೇರವಾಗಿ ರಕ್ತಕ್ಕೇ ಇಳಿಯುತ್ತದೆ.

ಪ್ರಾರ್ಥನೆ ಬೇಡ ಎನ್ನುತ್ತಿಲ್ಲ. ದೇವರು ನನ್ನ ಜೊತೆಗಿದ್ದಾನೆ ಎಂದು ನಂಬಿದವರಿಗೆ ಅದು ದೊಡ್ಡ ಬಲ. ಆದರೆ ಇದು ದೇವರ ಶಿಕ್ಷೆ ಎಂದು ನಂಬಿದವರು ಇನ್ನೂ ಆಳಕ್ಕೆ ಇಳಿಯುತ್ತಾರೆ. ಶಿಕ್ಷೆಯ ಮಾತು ಅವರ ಕಿವಿಗೆ ಬಿದ್ದದ್ದು ಎಲ್ಲಿ? ನಮ್ಮ ಕೂಟಗಳಲ್ಲೇ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಲೆಕ್ಕವನ್ನೇ ತಳ್ಳಿಹಾಕಿದರು, ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯ ತೆರೆದು ನೋಡಿ. ಕುಷ್ಠರೋಗಿಯನ್ನು ಮೊದಲು ಮುಟ್ಟಿದರು, ವಾಸಿಯಾದದ್ದು ಆಮೇಲೆ. ‘ನಂಬಿಕೆಯಿದ್ದರೆ ಮಾತ್ರೆ ನಿಲ್ಲಿಸು’ ಎನ್ನುವವರೂ ಅಲ್ಲಲ್ಲಿ ಇದ್ದಾರೆ. ಅವರಿಗೆ ನಮ್ಮ ಉತ್ತರ ಒಂದೇ: ಮೊದಲು ನಿಮ್ಮ ಬಿಪಿ ಮಾತ್ರೆ ನಿಲ್ಲಿಸಿ ತೋರಿಸಿ.

‘ತಪ್ಪು ಮಾಡಿದವರು ಅನುಭವಿಸಲಿ’ ಎಂಬ ಮಾತೂ ಇದೆ. ಗಂಡನಿಂದ ಬಂದ ಹೆಂಡತಿಯರು, ಹುಟ್ಟುವಾಗಲೇ ಪಡೆದ ಮಕ್ಕಳು ಇದ್ದಾರಲ್ಲ ಎಂದು ಉತ್ತರಿಸಲು ಹೊರಟೆವು, ಆಮೇಲೆ ನಿಲ್ಲಿಸಿದೆವು. ಇವರು ನಿರಪರಾಧಿ, ಅವರು ಅಪರಾಧಿ ಎಂದು ವಿಂಗಡಿಸುವ ಕೆಲಸವನ್ನು ನಮಗೆ ಕೊಟ್ಟವರು ಯಾರು?

ಕಾನೂನೂ ಸುಮ್ಮನಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಂಬಿ ಹೇಳಿದ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ. ಅವರ ಮೇಲೆ ದ್ವೇಷ ಹರಡಿದರೆ ಎರಡು ವರ್ಷದವರೆಗೆ ಜೈಲು. ಪ್ರಾರ್ಥನಾ ಕೂಟದಲ್ಲಿ ‘ನಮ್ಮ ಬೀದಿಯ ಆ ಸಹೋದರಿಗಾಗಿ’ ಎಂದು ಸುಳಿವು ಕೊಟ್ಟು ಬೇಡಿಕೊಳ್ಳುವವರು ಇದನ್ನು ನೆನಪಿಡಲಿ.

ಈ ವರ್ಷ ತಲೆಬುರುಡೆ ಇರುವುದಿಲ್ಲ. ಚಾರ್ಟಿನಲ್ಲಿ ಎರಡು ನಂಬರು ಮಾತ್ರ: ಎಚ್‌ಐವಿ ಬಗ್ಗೆ ಕೇಳಲು 1097, ಮನಸ್ಸು ಕುಸಿದಾಗ ಮಾತಾಡಲು ಟೆಲಿ ಮಾನಸ್ 14416. ಎರಡೂ ಉಚಿತ. ಎರಡು ವಾರಕ್ಕಿಂತ ಹೆಚ್ಚು ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಡಾಕ್ಟರಿಗೆ ಹೇಳಬೇಕು. ಸಾಯುವ ಯೋಚನೆ ಬಂದರೆ ಅಂದೇ ಹೇಳಬೇಕು. ಎಆರ್‌ಟಿ ಕೇಂದ್ರದಲ್ಲೇ ಆಪ್ತಸಮಾಲೋಚಕರು ಇರುತ್ತಾರೆ.

ಧರ್ಮಪುರಿಗೋ ಸೇಲಂಗೋ ಒಬ್ಬರೇ ಹೋಗಲು ಬೇಜಾರಾದವರು ಯಾರೇ ಇರಲಿ, ನಮ್ಮಲ್ಲಿ ನಾಲ್ಕು ಜನ ಜೊತೆಗೆ ಬರಲು ಒಪ್ಪಿದ್ದೇವೆ. ಹಿಂದಿನ ದಿನ ಹೇಳಿದರೆ ಸಾಕು, ಏನು ಕೆಲಸ ಎಂದು ಕೇಳುವುದಿಲ್ಲ.